ಸೂಜಿಯ ಕಣ್ಣು, ಬ್ಯಾಡಗಿಯ ಕಣ್ಣೀರು

ಕೆಲವರಿಗೆ ಎಲೆ-ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಪಾಠ ತೆಗೆಯುವ ಚಟ. ಕಣ್ಣಿಗೆ ಬಿದ್ದ ಯಾವುದನ್ನೂ ನಾನು ಅದರ ಪಾಡಿಗೆ ಬಿಡಲಾರೆ. ಅದರಿಂದ ಭಕ್ತಿಗೆ ಒದಗುವ ಒಂದು ಬೋಧೆಯನ್ನಾದರೂ ಹಿಂಡದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಕುಕ್ಕರು ಕೂಗಿದರೆ ತಾಳ್ಮೆಯ ಪಾಠ, ಗ್ಯಾಸು ಮುಗಿದರೆ ಎಣ್ಣೆ ಆರಿದ ದೀಪದ ಪಾಠ. ಒಮ್ಮೆ ರಾಣೆಬೆನ್ನೂರಿನ ನಿಲ್ದಾಣದಲ್ಲಿ ಕುಪ್ಪೇಲೂರಿನ ಬಸ್ಸಿಗಾಗಿ ಒಂದೂವರೆ ತಾಸು ಕಾದೆ. ಉಳಿದವರೆಲ್ಲ ಬಸ್ಸನ್ನು ಬೈಯುತ್ತ ನಿಂತಿದ್ದರು. ನನಗೆ ಮಾತ್ರ ಕರ್ತನು ಮತ್ತೆ ಭೂಮಿಗೆ ಬರುವ ಆ ಎರಡನೆಯ ಬರೋಣವೂ ಹೀಗೆಯೇ, ಯಾವ ಗಳಿಗೆಯಲ್ಲಿ ಆದೀತೋ ಯಾರಿಗೂ ತಿಳಿಯದು ಎಂದು ಹೊಳೆಯಿತು; ಅದನ್ನು ಚೀಟಿಯಲ್ಲಿ ಬರೆದುಕೊಳ್ಳತೊಡಗಿದೆ. ಬರೆದು ತಲೆ ಎತ್ತುವಷ್ಟರಲ್ಲಿ ಬಸ್ಸು ಬಂದು, ಜನರನ್ನು ತುಂಬಿಕೊಂಡು ಹೋಗಿಬಿಟ್ಟಿತ್ತು. ಎಚ್ಚರವಾಗಿರಬೇಕು ಎಂಬ ಇನ್ನೊಂದು ಪಾಠ ಸಿಕ್ಕಿತೆಂದು ಆ ಚೀಟಿಯ ಬೆನ್ನಿಗೇ ಬರೆದುಕೊಂಡೆ.

ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಗಣಿತದಲ್ಲಿ ಉದಾಹರಣೆ ಇಲ್ಲದೆ ಸೂತ್ರ ಹೇಳಬಾರದೆಂಬುದು ಅಭ್ಯಾಸವಾಗಿ, ಅದು ಭಕ್ತಿಗೂ ಹಬ್ಬಿರಬೇಕು. ಬ್ಯಾಡಗಿಯಲ್ಲಿ ನಮ್ಮ ಕ್ರೈಸ್ತರದೊಂದು ಸಣ್ಣ ಸಭೆಯಿದೆ. ನಲವತ್ತು ಜನ, ಒಂದು ಹಾರ್ಮೋನಿಯಂ, ಒಂದು ಮೈಕು, ತಗಡಿನ ಮಾಡಿನ ಒಂದು ಪ್ರಾರ್ಥನಾ ಮಂದಿರ. ಸಭಾಪಾಲಕರು ತಿಂಗಳ ಎರಡನೆಯ ಭಾನುವಾರ ಹಳ್ಳಿಗಳ ಕಡೆ ಹೋಗುವುದರಿಂದ ಅಂದಿನ ಪ್ರಸಂಗ, ಅಂದರೆ ಉಪದೇಶ, ನನ್ನ ಪಾಲಿಗೆ ಬಂದಿತ್ತು. ಹದಿನೈದು ನಿಮಿಷ ಎಂದು ಅವರು ಹೇಳಿದ್ದರು, ನಾನು ಅದನ್ನು ಮುಕ್ಕಾಲು ತಾಸು ಎಂದು ತಿಳಿದುಕೊಂಡಿದ್ದೆ.

ಇಂಥ ಪ್ರಸಂಗಗಳಿಗೆ ಸಾಮಗ್ರಿ ಒದಗಿಸುವವಳು ನನ್ನ ಹೆಂಡತಿ ಕರುಣಾ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಹಾವೇರಿಯ ನಾಲ್ಕು ಓಣಿಗಳ, ಕರ್ಜಗಿಯಂಥ ನಾಲ್ಕು ಊರುಗಳ ಹೆಣ್ಣುಮಕ್ಕಳು ಅವಳ ಮಿಷನ್ನಿನ ಮುಂದೆ ಕುಳಿತು, ಅಳತೆ ಕೊಡುವಾಗ ತಮ್ಮ ಮನೆಯ ಸುದ್ದಿಯನ್ನೂ ಕೊಟ್ಟು ಹೋಗುತ್ತಾರೆ. ಸಂಜೆ ನಾನು ಶಾಲೆಯಿಂದ ಬಂದ ಮೇಲೆ ಚಹಾದ ಜೊತೆಗೆ ಅವಳು ಅದನ್ನೆಲ್ಲ ನನ್ನ ಮುಂದೆ ಹರವುತ್ತಾಳೆ. ಅತ್ತೆಯ ದನಿಯಲ್ಲಿ ಅತ್ತೆ, ಸೊಸೆಯ ದನಿಯಲ್ಲಿ ಸೊಸೆ. ಇಪ್ಪತ್ತಾರು ವರ್ಷಗಳಿಂದ ನನ್ನ ಸಂಜೆಗಳೆಂದರೆ ಇವೇ. ಅವುಗಳಲ್ಲಿ ಎರಡೋ ಮೂರೋ ಸಂಗತಿಯನ್ನು ನಾನು ಬ್ಯಾಡಗಿಗೆ ಸಾಗಿಸಿದರೆ ಏನು ಮಹಾ ಎಂದು ನನಗನಿಸಿತ್ತು. ಅವಳ ತಳ ಹಿಡಿದ ಹೂರಣ, ಅವಳ ತವರು ಹಲಗೇರಿಯಲ್ಲಿ ಅವಳಣ್ಣ ಆಡು ಕಳೆದುಕೊಂಡು ಪಕ್ಕದವರ ಆಡು ಹಿಡಿದು ತಂದದ್ದು, ಎಲ್ಲವೂ ಹೋದವು. ಅವಳಿಗೆ ಗೊತ್ತಾದಾಗ ಸಿಟ್ಟಿಗೆದ್ದಳು. ನಾನು ಬಿಟ್ಟೇನೇ? "ಕರ್ತ ಸ್ವಾಮಿನೂ ಬೀಜ, ಹುಳಿಹಿಟ್ಟು, ಕಳೆದ ಕುರಿ, ಇಂಥಾ ಕಥೀನ ಹೇಳಿದ್ದು" ಎಂದೆ.

"ಹೌದು, ಹೇಳ್ಯಾನ" ಎಂದಳು ಕರುಣಾ. "ಆದ್ರ ಯಾರ ಹೆಸರೂ ಹೇಳಿಲ್ಲ. 'ಒಬ್ಬ ಮನುಷ್ಯ ಇದ್ದ' ಅಂದಾನ, ಅಷ್ಟ. 'ನನ್ನ ಹೇಣ್ತಿ ಕರುಣಾ' ಅಂತ ನಿಮ್ಹಂಗ ಶುರು ಮಾಡಿಲ್ಲ."

ಇನ್ನು ಮೇಲೆ ಕೇಳದೆ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಕಳೆದ ಜನವರಿಯ ಒಂದು ಸಂಜೆ ಅವಳು ಚಹಾ ಕೊಟ್ಟು, ಸುದ್ದಿ ಹೇಳದೆ ಸುಮ್ಮನೆ ಕುಳಿತಳು. ಆಮೇಲೆ ಮೆಲ್ಲಗೆ, ಬಲಗಣ್ಣು ಮಂಜು ಮಂಜು ಕಾಣುತ್ತದೆ, ಸೂಜಿಯ ಕಣ್ಣು ಸಿಗುತ್ತಿಲ್ಲ, ದಾರ ಪೋಣಿಸಲು ಹತ್ತು ಸಲ ಬೇಕು ಎಂದಳು. ತೋರಿಸಿಕೊಂಡು ಬಂದಿದ್ದಳಂತೆ. ಪೊರೆ ಬಂದಿದೆ, ತೆಗೆಸಬೇಕು. ಆದರೆ ಮದುವೆಯ ಹಂಗಾಮು ಮುಂದೆ ನಿಂತಿದೆ. ಕರ್ಜಗಿಯ ಗಿರಿಜಕ್ಕ ಮಗಳ ಮದುವೆಯ ಏಳು ರೇಷ್ಮೆ ಬ್ಲೌಸ್ ಕೊಟ್ಟು ಹೋಗಿದ್ದಾಳೆ. ಅವು ಮುಗಿದ ಮೇಲೆಯೇ ಆಪರೇಷನ್ನು ಎಂದಳು. "ಅಲ್ಲೀತನಾ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಕಣ್ಣ ಕಾಣಲಾರದಾಕಿ ಕೈಯಾಗ ರೇಷ್ಮಿ ಅರಬಿ ಯಾರ ಕೊಡ್ತಾರ?" ಎಂದಾಗ ಅವಳ ದನಿ ಸಣ್ಣಗಾಗಿತ್ತು. ನಾನು ಅವಳ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಅವತ್ತಿನಿಂದ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಪಕ್ಕದ ಮನೆಯ ಶಮೀಮ್ ಚಾಚಿ ಬಂದು ಹತ್ತು ಸೂಜಿಗಳಿಗೆ ದಾರ ಪೋಣಿಸಿಟ್ಟು ಹೋಗುವುದನ್ನು ನೋಡುತ್ತಿದ್ದೆ. ಚಾಚಿಗೆ ಮಾತ್ರ ಗೊತ್ತಿತ್ತು. ಆಕೆ ಬಾಯಿ ಬಿಡುವವಳಲ್ಲ. ನಾನು?

ಫೆಬ್ರುವರಿಯ ಎರಡನೆಯ ಭಾನುವಾರ ಬ್ಯಾಡಗಿಗೆ ಹೊರಟೆ. ಆಣೆಯ ನೆನಪು ಚೆನ್ನಾಗಿಯೇ ಇತ್ತು. ಅದಕ್ಕೇ ಮೆಣಸಿನಕಾಯಿಯ ಮೇಲೊಂದು ಪ್ರಸಂಗ ಸಿದ್ಧಮಾಡಿಕೊಂಡಿದ್ದೆ. "ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ನಮ್ಮ ಭಕ್ತಿಯೂ ಹೀಗೆಯೇ ಹೊರಗೆ ಕೆಂಪಗಿದ್ದು ಒಳಗೆ ಸಪ್ಪಗಾಗಬಾರದು" ಎಂದು ಆರಂಭಿಸಿದೆ. ಸಭೆಯ ಹಿರಿಯರಾದ ದಾನಿಯೇಲಪ್ಪನವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಲವತ್ತು ವರ್ಷ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕ ಮಾಡಿದವರು. ಅವರು ಕೈ ಎತ್ತಿದರು.

"ತಪ್ಪ ತಿಳೀಬ್ಯಾಡ್ರಿ ಸರ. ನಮ್ಮೂರ ಕಾಯಿಗೆ ರೇಟ ಸಿಗೂದ ಬಣ್ಣಕ್ಕರಿ. ಖಾರ ಕಡಿಮಿ ಅಂತನ ಮಂದಿ ಹುಡಿಕ್ಕೊಂಡು ಬರ್ತಾರ. ಅದ ಅದರ ದೊಡ್ಡಸ್ತನ."

ಸಭೆಯ ನಲವತ್ತೂ ತಲೆಗಳು ಹೌದೌದು ಎಂದು ಅಲ್ಲಾಡಿದವು. ನನಗೆ ಗರ ಬಡಿದಂತಾಯಿತು. ಮೆಣಸಿನಕಾಯಿಯ ಊರಿಗೆ ಬಂದು ಮೆಣಸಿನಕಾಯಿಯನ್ನೇ ಕಪಟಿ ಎಂದಿದ್ದೆ! ಇನ್ನೂ ನಲವತ್ತು ನಿಮಿಷ ಬಾಕಿ, ಕೈಯಲ್ಲಿ ಏನೂ ಇಲ್ಲ. ಆಗ ಬಾಯಿಂದ ತಾನೇ ಹೊರಟಿತು: "ನನ್ನ ಹೆಂಡತಿ ಕರುಣಾ ಹಾವೇರಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ..."

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನಾಲಿಗೆ ತಡೆದೆ. ಆದರೆ ಹಾವೇರಿಯ ಗಿರಾಕಿಗಳಿಗೆ ಬ್ಯಾಡಗಿಯ ಸಭೆಯ ಮಾತು ಹೇಗೆ ತಿಳಿದೀತು ಎಂದು ಮನಸ್ಸು ಸಮಾಧಾನ ಹೇಳಿತು. ಹೇಳಿಬಿಟ್ಟೆ. ಪೊರೆ ಬಂದ ಕಣ್ಣು, ಸಿಗದ ಸೂಜಿಯ ಕಣ್ಣು, ಮುಚ್ಚಿಟ್ಟ ದುಃಖ, ಬಂದು ದಾರ ಪೋಣಿಸಿ ಹೋಗುವ ನೆರೆಯವಳ ಕೈ. ದೇವರ ಕೃಪೆಯೂ ಹೀಗೆ ಬೆಳಗಾಗೆದ್ದು ಬಂದು ನಮ್ಮ ಸೂಜಿಗೆ ದಾರ ಪೋಣಿಸುತ್ತದೆ ಎಂದೆ. ಎಂಥ ಅದ್ಭುತ! ಮೊದಲು ಹಿಂದಿನ ಸಾಲಿನ ಹೆಂಗಸೊಬ್ಬಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅವಳ ಪಕ್ಕದವಳು. ಗಂಡಸರು ಕರವಸ್ತ್ರ ತೆಗೆದರು. ಮೂಗು ಸೇದುವ ಸಪ್ಪಳ ಎಲ್ಲ ಕಡೆಯಿಂದ ಬಂತು. ದಾನಿಯೇಲಪ್ಪನವರ ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು. ಕೊನೆಗೆ ನನ್ನ ಕಣ್ಣೂ ತುಂಬಿ, ಗಂಟಲು ಕಟ್ಟಿ, ಕೆಮ್ಮು ಬಂದು ಪ್ರಸಂಗ ನಿಲ್ಲಿಸಬೇಕಾಯಿತು. ಹನ್ನೊಂದು ವರ್ಷಗಳ ನನ್ನ ಪ್ರಸಂಗಗಳಲ್ಲಿ ಯಾರೂ ಅತ್ತಿರಲಿಲ್ಲ. ದಾರಿಯುದ್ದಕ್ಕೂ ಬೈಕಿನ ಮೇಲೆ ಹಾಡು ಹೇಳಿಕೊಳ್ಳುತ್ತ ಮನೆಗೆ ಬಂದೆ.

ಗುರುವಾರ ಸಂಜೆ ಶಾಲೆಯಿಂದ ಬಂದಾಗ ಗಿರಿಜಕ್ಕ ನಮ್ಮ ಪಡಸಾಲೆಯಲ್ಲಿ ನಿಂತಿದ್ದಳು. ಕಂಕುಳಲ್ಲಿ ಏಳು ಬ್ಲೌಸಿನ ಗಂಟು. ಕರುಣಾ ಮಿಷನ್ನಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ" ಎನ್ನುತ್ತಿದ್ದಳು ಗಿರಿಜಕ್ಕ. "ಮದವಿ ಅರಬಿ. ಒಂದ ಹೋಗಿ ಒಂದ ಆದ್ರ ಬೀಗರ ಮುಂದ ನನ್ನ ಮಾರಿ ಏನ ಉಳೀತೈತ್ರಿ? ಮೊದಲ ಕಣ್ಣ ತೋರಿಸ್ಕೊಳ್ರಿ."

"ನಿಮಗ ಯಾರ ಹೇಳಿದ್ರು?" ಎಂದೆ.

"ನೀವ ಹೇಳೀರಲ್ರಿ ಸರ!" ಗಿರಿಜಕ್ಕನಿಗೆ ನನಗಿಂತ ಹೆಚ್ಚು ಆಶ್ಚರ್ಯವಾಗಿತ್ತು. "ನಮ್ಮ ನಾದಿನಿ ಬ್ಯಾಡಗ್ಯಾಗ ಮೆಣಸಿನಕಾಯಿ ತೊಟ್ಟ ಬಿಡಸಾಕ ಹೋಗ್ತಾಳ. ನಿಮ್ಮ ಮಂದಿರದ ಗ್ವಾಡಿಗೆ ಹತ್ತಿದ ಗೋಡೌನ. ನಿಮ್ಮ ಮೈಕಿನ ಡಬ್ಬಿ ಅತ್ಲಾಗ ಮಾರಿ ಮಾಡೇತಂತ. ತಿಂಗಳಿಗೊಮ್ಮಿ ನೀವ ಬರ್ತೀರಿ ಅಂದ್ರ ಇವರು ಮೂವತ್ತ ಮಂದಿ ಹೆಣ್ಣಮಕ್ಕಳು ಕಾಯ್ಕೊಂಡ ಕುಂತಿರ್ತಾರ. ಹೂರಣದ್ದೂ ಗೊತ್ತೈತಿ, ಆಡಿಂದೂ ಗೊತ್ತೈತಿ."

ಆಡಿನ ಮಾತು ಬಂದಾಗ ಕರುಣಾ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಸಭೆ ನಲವತ್ತು ಜನರದೆಂದು ತಿಳಿದಿದ್ದೆ, ಅದು ಎಪ್ಪತ್ತರದಾಗಿತ್ತು. ಅಷ್ಟಾದರೂ ಮುಳುಗುವವನು ಹುಲ್ಲುಕಡ್ಡಿ ಹಿಡಿಯುವಂತೆ, "ಆದ್ರ ಗಿರಿಜಕ್ಕ, ಆವತ್ತ ಕೇಳಿದವರೆಲ್ಲಾ ಅತ್ತಾರ. ಒಬ್ಬರ ಕಣ್ಣೂ ಒಣಗಿದ್ದಿಲ್ಲ" ಎಂದೆ.

"ಅಳದ ಏನ ಮಾಡ್ತಾರ್ರಿ? ಸೋಮವಾರದ ಮಾರುಕಟ್ಟಿಗೆ ಅಂತ ಆವತ್ತ ಮೆಣಸಿನಕಾಯಿ ರಾಶಿ ತಿರುವಿ ಹಾಕ್ಯಾರ. ಘಾಟ ಅಂದ್ರ ಘಾಟ! ನಮ್ಮ ನಾದಿನಿ ದಿನಾ ಅಳ್ತಾಳ್ರಿ."

ಗಂಟು ಎತ್ತಿಕೊಂಡು ಗಿರಿಜಕ್ಕ ಹೋದಳು. ಬೈಕಿನ ಮೇಲೆ ಹಾಡಿದ ಹಾಡು ನೆನಪಾಗಿ ನನಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಕರುಣಾ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದು ಮುಂದಿಟ್ಟಳು. ಸುದ್ದಿ ಮಾತ್ರ ಇರಲಿಲ್ಲ.

ಮರುದಿನವೂ ಇರಲಿಲ್ಲ. ಆ ವಾರವೆಲ್ಲ ಇರಲಿಲ್ಲ. ಉಪ್ಪು ಸಾಕೇ, ಹಾಲು ಬಂತೇ, ಇಷ್ಟೇ ಮಾತು. ಚಹಾ ಗುಟುಕರಿಸುವ ನನ್ನ ಸಪ್ಪಳ ನನಗೇ ಕೇಳಿಸುತ್ತಿತ್ತು. ಇಪ್ಪತ್ತಾರು ವರ್ಷ ಪ್ರತಿ ಸಂಜೆ ಬರುತ್ತಿದ್ದ ಅತ್ತೆಯರು, ಸೊಸೆಯರು, ಬೀಗರು ಎಲ್ಲ ನನ್ನ ಮನೆ ಬಿಟ್ಟು ಹೋಗಿದ್ದರು. ಅವರಿಗಾಗಿ ನಾನು ಇಷ್ಟು ಹಂಬಲಿಸುತ್ತೇನೆಂದು ನನಗೆ ಗೊತ್ತಿರಲಿಲ್ಲ. ಹತ್ತನೆಯ ದಿನ ತಡೆಯಲಾರದೆ, "ತಪ್ಪಾತು ಕರುಣಾ. ಏನರ ಮಾತಾಡು" ಎಂದೆ.

"ಏನ ಮಾತಾಡ್ಲಿ?" ಎಂದಳು. "ದೇವರಿಗೆ ಹೇಳಿದ್ರ ಅವನ ಹತ್ರ ಉಳೀತೈತಿ. ನಿಮಗ ಹೇಳಿದ್ರ ಬ್ಯಾಡಗಿ ಮುಟ್ಟತೈತಿ." ಅವಳ ಕಣ್ಣಲ್ಲಿ ನೀರಿತ್ತು. ಹತ್ತಿರದಲ್ಲಿ ಯಾವ ಮೆಣಸಿನಕಾಯಿಯೂ ಇರಲಿಲ್ಲ. ನನಗೆ ಅಂದು ಬಹಳ ನಾಚಿಕೆಯಾಯಿತು, ಸಂಕಟವೂ ಆಯಿತು.

ಮಾರ್ಚಿನ ಎರಡನೆಯ ಭಾನುವಾರ ಮೈಕಿನ ಮುಂದೆ ನಿಂತೆ. ಗೋಡೆಯಾಚೆಯ ಮೂವತ್ತು ಜನಕ್ಕೂ ಕೇಳಲಿ ಎಂದು ಗಟ್ಟಿಯಾಗಿ, "ಹೋದ ತಿಂಗಳು ನನ್ನದಲ್ಲದ ಮಾತನ್ನು ನಿಮ್ಮ ಮುಂದೆ ಆಡಿದೆ. ಆಡಬೇಡ ಎಂದವಳಿಗೆ ಆಣೆ ಮಾಡಿ ಆಡಿದೆ. ತಪ್ಪಾಯಿತು. ಇವತ್ತು ನನ್ನ ಹತ್ತಿರ ಪಾಠವಿಲ್ಲ" ಎಂದು ಹೇಳಿ ಕುಳಿತುಬಿಟ್ಟೆ. ಎರಡೇ ನಿಮಿಷ. ಆರಾಧನೆ ಮುಗಿದ ಮೇಲೆ ದಾನಿಯೇಲಪ್ಪನವರು ಕೈ ಹಿಡಿದುಕೊಂಡು, "ಇವತ್ತ ಭಾಳ ಚಲೋ ಆತ್ರಿ ಸರ. ಲಗೂ ಮುಗೀತು" ಎಂದರು.

ಬ್ಲೌಸುಗಳು ಹೋದ ಮೇಲೆ ಕಾಯುವ ಕಾರಣ ಉಳಿದಿರಲಿಲ್ಲ. ಅದೇ ತಿಂಗಳು ರಾಣೆಬೆನ್ನೂರಿನಲ್ಲಿ ಅವಳ ಕಣ್ಣಿನ ಆಪರೇಷನ್ನು ಆಯಿತು. ನಾನು ಬಾಯಿ ಬಿಟ್ಟದ್ದರಿಂದಲೇ ಕಣ್ಣು ಬೇಗ ಬಂತಲ್ಲ, ಕೆಡುಕಿನಲ್ಲೂ ಒಳಿತು ಎಂಬ ಪಾಠವೊಂದು ನಾಲಿಗೆಯ ತುದಿಗೆ ಬಂದು ಕುಣಿಯಿತು. ದೇವರಾಣೆ, ನುಂಗಿಕೊಂಡೆ. ಪಟ್ಟಿ ಬಿಚ್ಚಿ ಮನೆಗೆ ಬಂದ ಕರುಣಾ ಮೊದಲು ನೋಡಿದ್ದು ಮೂಲೆಯ ಜೇಡನ ಬಲೆ. ಎರಡನೆಯದು ನನ್ನ ಬಿಳಿ ಅಂಗಿ. "ಇದ ಅಂಗಿ ಹಾಕ್ಕೊಂಡ ಪ್ರಸಂಗ ಮಾಡಾಕ ಹೋಗ್ತಿದ್ರ್ಯಾ?" ಎಂದು ಬೆಚ್ಚಿಬಿದ್ದಳು. ಒಂದು ತಿಂಗಳ ಮೇಲೆ ಅವಳು ತಾನಾಗಿಯೇ ನನಗೆ ಆಡಿದ ಮೊದಲ ಉದ್ದನೆಯ ವಾಕ್ಯವದು. ಕೇಳಿ ನನಗೆ ಹಬ್ಬವಾಯಿತು.

ಡಾಕ್ಟರು ಕೆಲವು ದಿನ ಹೊಲಿಗೆ ಬೇಡ ಎಂದಿದ್ದರು. ಅಂಗಿಗೆ ಗುಂಡಿ ನಾನೇ ಹಚ್ಚಿಕೊಳ್ಳುತ್ತೇನೆಂದು ದೊಡ್ಡಸ್ತಿಕೆಯಿಂದ ಸೂಜಿ-ದಾರ ಹಿಡಿದು ಬಾಗಿಲಲ್ಲಿ ಕುಳಿತೆ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿದೆ, ಹೊಸೆದೆ, ಒಂದು ಕಣ್ಣು ಮುಚ್ಚಿದೆ, ಸೂಜಿಯನ್ನು ದೂರ ಹಿಡಿದೆ, ಹತ್ತಿರ ಹಿಡಿದೆ. ಕಾಲು ತಾಸಾದರೂ ಸೂಜಿಯ ಕಣ್ಣು ಸಿಗಲಿಲ್ಲ. ಸೂಜಿಗೆ ತೂತೇ ಇಲ್ಲವೆಂದು ವಾದಿಸಿದೆ. ಕರುಣಾ ಬಂದು, ಸೂಜಿ ಕಸಿದುಕೊಂಡು, ಒಂದೇ ಸಲಕ್ಕೆ ಪೋಣಿಸಿ ಕೈಗಿಟ್ಟಳು. ನನ್ನ ಮುಖದ ಗಾಬರಿ ನೋಡಿ ಅವಳಿಗೆ ಕನಿಕರ ಬಂದಿರಬೇಕು. "ನಿಮ್ಮ ಕಣ್ಣೂ ತೋರಿಸ್ಕೊಳ್ರಿ. ಹೆದರಬ್ಯಾಡ್ರಿ, ನಿಮ್ಮ ಹೆಸರ ನಾ ಯಾರ ಮುಂದೂ ಹೇಳೂದಿಲ್ಲ" ಎಂದಳು. ಎಂಥ ದೊಡ್ಡ ಮನಸ್ಸು ಎಂದುಕೊಂಡು ಗುಂಡಿ ಹಚ್ಚತೊಡಗಿದೆ.

ಮೊನ್ನೆ ಶಾಲೆಯಿಂದ ಬಂದಾಗ ಗಿರಿಜಕ್ಕ ಮತ್ತೆ ಪಡಸಾಲೆಯಲ್ಲಿದ್ದಳು. ಬೇರೆಯವರು ತೋಳು ಬಿಗಿ ಮಾಡಿಟ್ಟ ಬ್ಲೌಸುಗಳನ್ನು ಬಿಚ್ಚಿಸಿ ಸರಿಮಾಡಿಸಲು ತಂದಿದ್ದಳು. ಮಿಷನ್ನು ಮೊದಲಿನ ಹಾಗೆ ಓಡುತ್ತಿತ್ತು. ನನ್ನನ್ನು ಕಂಡದ್ದೇ ಗಿರಿಜಕ್ಕ, "ಬರ್ರಿ ಸರ. ಸೂಜೀಗೆ ತೂತ ಇಲ್ಲಂತ ಜಗಳಾ ತೆಗದ ಆ ಮನಿಶ್ಯಾ ಯಾರ್ರಿ?" ಎಂದು ನಗತೊಡಗಿದಳು.

ನಾನು ಹೌಹಾರಿ ಕರುಣಾಳ ಕಡೆ ನೋಡಿದೆ. ಅವಳು ಹೊಲಿಗೆಯಿಂದ ತಲೆ ಎತ್ತದೆಯೇ ಹೇಳಿದಳು: "ನಾ ಹೆಸರ ಹೇಳಲಿಲ್ರಿ. 'ಒಬ್ಬ ಮನುಷ್ಯ ಇದ್ದ. ಮಂದಿ ಕಣ್ಣಾಗಿನ ಪೊರಿ ಅವಗ ಬ್ಯಾಡಗೀತನಾ ಕಾಣತಿತ್ತು, ಮೂಗಿನ ಮುಂದಿನ ಸೂಜಿ ಕಾಣತಿದ್ದಿಲ್ಲ' ಅಂದೆ, ಅಷ್ಟ."

ಗಿರಿಜಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಕಣ್ಣೀರು ಘಾಟಿನದೋ ಏನೋ ಎಂದು ಖಾತ್ರಿ ಮಾಡಿಕೊಳ್ಳಲು ಬಾಗಿಲಿಗೆ ಹೋಗಿ ಆಚೆ ಈಚೆ ನೋಡಿ ಬಂದೆ. ನಮ್ಮ ಓಣಿಯಲ್ಲಿ ಮೆಣಸಿನಕಾಯಿಯ ಗೋಡೌನು ಇಲ್ಲ.