ಟವೆಲ್ಲಿಗೆ ಯಾವ ಟೈಪು?

ಓಡುವ ಬಸ್ಸನ್ನು ಕಂಪ್ಯೂಟರಿನೊಳಗೆ ತುಂಬಲು ಹೊರಟವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸು ಬಿಡುತ್ತಿದ್ದ ಮಾಲೀಕರೊಬ್ಬರು ಸೀಟುಗಳ ಪ್ರೋಗ್ರಾಂ ಬರೆಯಲು ನನ್ನನ್ನು ಇಟ್ಟುಕೊಂಡಿದ್ದರು. "ಸೋಮವಾರ ನಾನೇ ಬಂದು ನೋಡ್ತೀನಿ. ಒಂದು ಸೀಟು ತಪ್ಪಿದ್ರೂ ನೀನು ಮನೆಗೆ" ಅಂದಿದ್ದರು. ನನಗಿದ್ದದ್ದು ಅದೊಂದೇ ಕೆಲಸ.

೧. ಎರಡೇ ಎರಡು

ನಾನು ಆರಿಸಿಕೊಂಡದ್ದು ‘ಫಂಕ್ಷನಲ್’ ಅನ್ನುವ ಜಾತಿಯ ಒಂದು ಪ್ರೋಗ್ರಾಮಿಂಗ್ ಭಾಷೆ. ಏನೇನು ಇರಬಹುದೋ ಅಷ್ಟನ್ನೂ ಅದಕ್ಕೆ ಮೊದಲೇ ಟೈಪುಗಳಾಗಿ, ಅಂದರೆ ಬಗೆಗಳಾಗಿ, ಹೇಳಿಬಿಡಬೇಕು. ಹೇಳದ್ದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಸೀಟು ಅಂದರೆ ‘ಖಾಲಿ’, ಇಲ್ಲವೇ ‘ಕೂತಿದ್ದಾರೆ’ ಎಂದು ಬರೆದು ಕಂಡಕ್ಟರಿಗೆ ಜಂಬದಿಂದ ತೋರಿಸಿದೆ. "ಮೂರನೇದು ಇರೋಕೇ ಸಾಧ್ಯವಿಲ್ಲ!"

ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನ ಕಡೆ ಆತ ಕೈ ತೋರಿಸಿದ. ಒಳಗೆ ನರಪಿಳ್ಳೆಯಿಲ್ಲ. ಸೀಟುಗಳ ಮೇಲೆ ಮಾತ್ರ ಕಿಟಕಿಯಿಂದ ಎಸೆದ ಟವೆಲ್ಲು, ಕರ್ಚೀಫು, ಒಂದು ಕಡೆ ಎಡಗಾಲಿನ ಚಪ್ಪಲಿ.

"ಖಾಲಿ ಅಂದ್ಕಂಡು ಓಗಿ ಕುಂತ್ಕ ನೋಡನ, ಒದೆ ಬೀಳ್ತವೆ ಕಣ್ಲಾ!"

ತೆಪ್ಪಗೆ ‘ಟವೆಲ್’ ಎಂಬ ಮೂರನೆಯದನ್ನು ಸೇರಿಸಿದೆ. ಚಪ್ಪಲಿಯನ್ನೂ ಅದರಲ್ಲೇ ಲೆಕ್ಕ ಹಿಡಿದೆ.

೨. ಕಂಪೈಲರಿನ ಹಟ

ಸೇರಿಸಿದ್ದೇ ತಡ, ಬರೆದದ್ದನ್ನೆಲ್ಲ ತಪಾಸಣೆ ಮಾಡಿಯೇ ಓಡಲು ಬಿಡುವ ಕಂಪೈಲರು ಗಂಟುಬಿತ್ತು. ಟವೆಲ್ ಇರುವ ಸೀಟಿಗೆ ಬೇರೆಯವರು ಬಂದರೆ ಏನು ಮಾಡಬೇಕು? ಅದನ್ನು ಹೇಳುವ ತನಕ ಪ್ರೋಗ್ರಾಂ ಓಡಿಸುವುದಿಲ್ಲ ಎಂದು ಪಟ್ಟು ಹಿಡಿಯಿತು. ಆಗಲೇ ಭಾನುವಾರ. ಅಳುವುದೊಂದು ಬಾಕಿ. ಡ್ರೈವರನ್ನು ಕೇಳಿದೆ.

"ಬ್ಯಾರೆಯೋರು ಬಂದ್ರೆ ನನ್ ಪಕ್ದಲ್ಲಿ ಇಂಜಿನ್ ಬಾನೆಟ್ ಮ್ಯಾಲೆ ಕುಂತ್ಕತಾರೆ. ಇಷ್ಟೂ ಗೊತ್ತಿಲ್ವಾ ನಿನ್ ಕಂಪ್ಯೂಟ್ರುಗೆ?"

"ಎಲ್ಲರಿಗೂ ಇದೇ ಕಾನೂನಾ?"

"ಎಂಥೋರ್ಗೂ ಇದೇ ಕಣ."

ಹಾಗೇ ಬರೆದೆ. ಕಂಪೈಲರು ಬಾಯಿ ಮುಚ್ಚಿಕೊಂಡಿತು, ಡ್ರೈವರಿಗೆ ಅದೂ ಹೆದರಿದ ಹಾಗೆ.

೩. ಸೋಮವಾರ

ಮಾಲೀಕರು ಹತ್ತಿದವರೇ ಮುಂದಿನ ಸೀಟಿನ ಟವೆಲ್ ಪಕ್ಕಕ್ಕೆ ಸರಿಸಿ ಕೂತರು. ಆ ಸೀಟಿಗೆ ‘ಟವೆಲ್’ ಎಂದು ನಾನು ಆಗಲೇ ಒತ್ತಿಯಾಗಿತ್ತು. ಲ್ಯಾಪ್‌ಟಾಪ್ ತೊಡೆ ಮೇಲಿತ್ತು. ಅಷ್ಟರಲ್ಲಿ ಹಂಗಳದ ಅಜ್ಜಿಯೊಬ್ಬಳು ಹತ್ತಿ ಬಂದು ಅವರ ಎದುರಿಗೇ ನಿಂತಳು.

"ಏಳಪ್ಪ, ಅದು ನನ್ ಟವಲ್ಲು."

"ನಾನು ಈ ಬಸ್ಸಿನ ಓನರ್ ಕಣಮ್ಮ!"

"ಆಗಿರು. ನೀ ಟವಲ್ ಆಕಿದ್ಯಾ?"

ಮಾಲೀಕರು ನನ್ನತ್ತ ತಿರುಗಿದರು. "ಈ ಸೀಟಿಗೆ ನನ್ನ ಹೆಸರು ಹಾಕಯ್ಯ."

ಹಾಕಿದೆ. ಪರದೆಯ ಮೇಲೆ ಬಂತು: ‘ಬಾನೆಟ್ ಮೇಲೆ ಕೂರಿ.’

ಕೆಲಸ ಹೋಯಿತು ಅಂದುಕೊಂಡೆ.

"ಓನರ್ ಅಂತ ಒಂದು ಟೈಪು ಇಲ್ವೇನಯ್ಯ ಇದರಲ್ಲಿ?"

"ಇಲ್ಲ ಸಾರ್... ಯಾರೂ ಹೇಳ್ಲಿಲ್ಲ."

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. ಮಾಲೀಕರು ಎದ್ದು ಹೋಗಿ ಬಾನೆಟ್ ಮೇಲೆ ಕೂತರು. ಬಸ್ಸು ತೆರಕಣಾಂಬಿ ಮುಟ್ಟುವವರೆಗೂ ಹೇಗೋ ಕೂತಿದ್ದರು. ಆಮೇಲೆ ಇಂಜಿನ್ ಬಿಸಿ ತಾಳಲಾರದೆ ದಡಬಡ ಎದ್ದುನಿಂತರು.

"ಪ್ರೋಗ್ರಾಂ ಸರಿಯಾಗೇ ಇದೆ. ನಾಳೆಯಿಂದ ದಿನಾ ಬಾ" ಅಂದರು. "ಬರೋವಾಗ ನಂಗೊಂದು ಟವೆಲ್ ತಗೊಂಡು ಬಾ."