ತಿಪ್ಪಮ್ಮ ಹಿಡಿದ ಉಳುಕು

ಸೊಂಟ ಉಳುಕಿದ ಮೇಲೆ ಲಕ್ಷ್ಮೀಕಾಂತನ ಬಾಳು ಹಸನಾಗಿತ್ತು. ಮೂರು ದಿನದಿಂದ ಹಾಸಿಗೆಗೇ ಕಾಫಿ, ಬೆನ್ನಿಗೆ ಬಿಸಿನೀರಿನ ಶಾಖ, ಊಟಕ್ಕೆ ಮೆತ್ತಗಿನ ಅನ್ನ (ಹಲ್ಲೇನೂ ಉಳುಕಿರಲಿಲ್ಲ, ಆದರೂ ಬೇಡವೆನ್ನುವುದೇಕೆ?). "ಪಾಪ, ನನಗೋಸ್ಕರ ಸಿಲಿಂಡರ್ ಎತ್ತೋಕೆ ಹೋಗಿ ಹಿಂಗಾಯ್ತು" ಎಂದು ಹೆಂಡತಿ ಶಾಂತಲಾ ಅರ್ಧ ತುಮಕೂರಿಗೆ ಫೋನಿನಲ್ಲಿ ಹೇಳಿ ಮುಗಿಸಿದ್ದಳು.

ಈ ಸಂಗತಿ ಸಿಲಿಂಡರಿಗೆ ಮಾತ್ರ ಗೊತ್ತಿರಲಿಲ್ಲ. ಭಾನುವಾರ ಗುಬ್ಬಿಯಲ್ಲಿ ನಾದಿನಿಯ ಮಗುವಿನ ನಾಮಕರಣವಿತ್ತು. "ಕುಣಿಗಲ್ ಆಫೀಸಲ್ಲಿ ಆಡಿಟ್ ಕಣೇ, ಬಿಡಲ್ಲ ಅಂತಾರೆ" ಎಂದು ಅವಳೊಬ್ಬಳನ್ನೇ ಬಸ್ಸು ಹತ್ತಿಸಿ ಮಹಾಶಯ ಹೋದದ್ದು ಆಫೀಸಿನ ಕ್ರೀಡಾಕೂಟಕ್ಕೆ. ಹಗ್ಗಜಗ್ಗಾಟದಲ್ಲಿ ವೀರಾವೇಶದಿಂದ ಎಳೆದ. ಹಗ್ಗ ಬರಲಿಲ್ಲ, ಸೊಂಟ ಬಂತು. ಸಂಜೆ ಹೆಂಡತಿ ಮನೆಗೆ ಬರುವಷ್ಟರಲ್ಲಿ ತಪ್ಪನ್ನು ಸಿಲಿಂಡರಿನ ಮೇಲೆ ಹೊರಿಸಿದ್ದ. ಮನೆಯ ಬೀರುವನ್ನು ಒಂದು ಮೊಳ ಸರಿಸಿ ಎಂದರೆ ಎರಡು ವರ್ಷದಿಂದ "ನನ್ ಕೈಲಾಗಲ್ಲ" ಎನ್ನುತ್ತಿದ್ದವನೂ ಇವನೇ.

ಬುಧವಾರ ಶಾಂತಲಾ ಪಕ್ಕದ ಮನೆಯ ತಿಪ್ಪಮ್ಮನವರನ್ನು ಕರೆತಂದಳು. ಗೂಳೂರಿನ ಕಡೆಯ ಹಿರಿಯರು, ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಕಾಲಲ್ಲಿ ನೀವಿದರೆ ಎಂಥ ಉಳುಕೂ ನಿಲ್ಲುವುದಿಲ್ಲವೆಂದು ಬೀದಿಗೆಲ್ಲ ನಂಬಿಕೆ. ಅವರ ಬಾಯಲ್ಲಿ 'ಹ'ಕಾರವೂ ನಿಲ್ಲುತ್ತಿರಲಿಲ್ಲ. ಹಾಲು 'ಆಲು', ಹೂವು 'ಊವು'.

"ಬೋರಲು ಮನೀಕೊ ಮಗ" ಎಂದವರು ಸೊಂಟಕ್ಕೆ ಹಿಮ್ಮಡಿಯಿಟ್ಟು ಒತ್ತಿದರು. "ಸಿಕ್ತು ಕಣವ್ವ ಶಾಂತಲಾ! ನಿನ್ ಗಂಡನ್ ಉಳುಕು ಸಿಕ್ತು!"

ದಿಂಬಿನಲ್ಲಿ ಮುಖ ಹುದುಗಿಸಿದ್ದ ಲಕ್ಷ್ಮೀಕಾಂತ ದಿಂಬನ್ನು ಗಟ್ಟಿಯಾಗಿ ಅವುಚಿಕೊಂಡ. ತಿಪ್ಪಮ್ಮನವರ ಮಾತಿಗೆ ತಾನೇ ಒಂದು 'ಹ' ಸೇರಿಸಿಕೊಂಡು ಕೇಳುವುದು ಅವನಿಗೆ ರೂಢಿ. ಹುಳುಕು ಸಿಕ್ಕಿಬಿಟ್ಟಿತೇ?

"ಯಾ...ಯಾವ್ದು ತಿಪ್ಪಮ್ನೋರೆ?"

"ಭಾನುವಾರದ್ದು ಕಣಪ್ಪ, ಇನ್ಯಾವ್ದು? ಮೂರ್ ದಿನದಿಂದ ಒಳಗೇ ಇಟ್ಕೊಂಡಿದೀಯ. ನಿನ್ ಎಂಡ್ತಿ ಮುಂದೇನೇ ಈಚೆಗೆ ತಗೀತೀನಿ ನೋಡು!"

"ಬೇಡಿ, ನಾನೇ ಹೇಳ್ಬಿಡ್ತೀನಿ!" ಎಂದು ಅವನು ದಿಂಬಿಗೇ ತಪ್ಪೊಪ್ಪಿಕೊಂಡ. "ಆಡಿಟ್ ಇರ್ಲಿಲ್ಲ ಶಾಂತಾ. ಕ್ರೀಡಾಕೂಟ. ಹಗ್ಗ ಎಳ್ದೆ. ಸಿಲಿಂಡರ್ ಮುಟ್ಟೇ ಇಲ್ಲ!"



"ನಾನ್ ಯೋಳಿದ್ದು ಸೊಂಟದ್ದು ಕಣಪ್ಪಾ" ಎಂದರು ತಿಪ್ಪಮ್ಮ, ಕಾಲು ತೆಗೆಯದೆ.

ಶಾಂತಲಾಗೆ ಕಣ್ಣು ತುಂಬಿ ಬಂತು. "ಎಲ್ರೂ ಯಜಮಾನ್ರು ಎಲ್ಲಿ ಅಂತ ಕೇಳಿದ್ರು. ಪಾಪ, ಭಾನುವಾರಾನೂ ದುಡೀತಾರೆ ಅಂದೆ. ನನಗೆ ನೋವಾಗಲ್ವಾ?"

"ಆಗುತ್ತೆ ಕಣೇ. ಇಲ್ಲೇ ಮುಲಾಮಿದೆ..."

"ಮುಲಾಮು ಹಚ್ಚೋ ನೋವಲ್ಲ ರೀ ಅದು!" ಅವಳು ಕಣ್ಣೊರೆಸಿಕೊಂಡಳು. "ತಿಪ್ಪಮ್ಮ, ಉಳುಕು ಹೋಯ್ತಾ?"

"ಎಲ್ಡೂ ಓಯ್ತು ಕಣವ್ವ."

ಶಾಂತಲಾ ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ಬೀರುವಿಗೆ ಬಿಗಿದಳು. "ತಳ್ಳೋಕೆ ತಾನೇ ನಿಮ್ ಕೈಲಾಗಲ್ಲ? ಎಳೀರಿ."

ಎಳೆದ. ಬೀರು ಒಂದು ಮೊಳ ಬಂತು. ಅದರ ಹಿಂದೆಯೇ ಸೊಂಟದಲ್ಲಿ ಹೊಸದೊಂದು ಉಳುಕೂ ಬಂತು, ಈ ಸಲ ಅಪ್ಪಟ ಮನೆಗೆಲಸದ್ದೇ.

"ಶಾಂತಾ, ಒಂಚೂರು ಬಿಸಿನೀರು..." ಎಂದು ನೆಲದ ಮೇಲಿಂದ ನರಳಿದ.

ಅಡುಗೆಮನೆಯಿಂದ ಉತ್ತರ ಬಂತು: "ನನಗೆ ಆಡಿಟ್ ಇದೆ ಕಣ್ರೀ. ಬಿಡಲ್ಲ ಅಂತಾರೆ."