ಮಾಸ್ತರರ ಗ್ಯಾಸು, ಸಾವುಕಾರರ ಕಟ್ಟೆ

ಆರು ವರ್ಷ ಕಾಯಿಸಿದ ಮೇಲೆ ಗ್ಯಾಸ್ ಕಂಪನಿ ಜೇವರ್ಗಿಯ ಡ್ರಾಯಿಂಗ್ ಮಾಸ್ತರ ಜಗದೇವಪ್ಪನವರಿಗೆ ಒಂದು ಕಾರ್ಡು ಬರೆಯಿತು. ೧೯೮೪ರ ಆಗಸ್ಟ್ ಹತ್ತರಂದು ಕಂಪನಿಯ ಸಾಹೇಬರು ಸಿಲಿಂಡರ್ ಸಮೇತ ಬರುತ್ತಾರೆ, ಒಲೆ ಇಡಲು ಎರಡೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ ಇರತಕ್ಕದ್ದು, ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ಹೊಡೆದುಹಾಕಲಾಗುವುದು. ಕಾರ್ಡು ಮಾಸ್ತರರ ಕೈಗೆ ಸಿಕ್ಕಿದ್ದು ಆಗಸ್ಟ್ ಹತ್ತರ ಮುಂಜಾನೆ.

ಮಾಸ್ತರರ ಅಡುಗೆಮನೆಯಲ್ಲಿ ಕಟ್ಟೆಯ ಮಾತು ಹಾಗಿರಲಿ, ನೆಟ್ಟಗೆ ನಿಂತ ಗೋಡೆಗಳೇ ಎರಡು. ನೆಲದ ಮೇಲೆ ಮಣ್ಣಿನ ಒಲೆ, ಅದರ ಮುಂದೆ ಹಸಿ ಕಟ್ಟಿಗೆ ಊದುತ್ತ ಕೂತ ಹೆಂಡತಿ ಶಿವಕಾಂತಾ. ಹೊಗೆಗೆ ಅವಳ ಕಣ್ಣು ಸದಾ ಕೆಂಪು. ಗುಲಬರ್ಗಾದ ಡಾಕ್ಟರು ಹೀಗೇ ಆದರೆ ಕಣ್ಣು ಹೋಗುತ್ತದೆ ಎಂದೇ ಹೇಳಿದ್ದರು.

"ಇವತ್ತ ಗ್ಯಾಸ್ ಬರ್ಲಿಲ್ಲಂದ್ರ ನಾ ಇಜೇರಿಗೆ ತವರ್ಮನಿಗೆ ಹೋಗ್ತೇನಿ. ನೀವೇ ರೊಟ್ಟಿ ಬಡ್ಕೊಂಡು ಉಣ್ರಿ," ಎಂದಳು ಶಿವಕಾಂತಾ. ಮಾಸ್ತರರು ಕಾಗದದ ಮೇಲೆ ರೊಟ್ಟಿಯನ್ನು ಚಂದವಾಗಿ ಬರೆಯಬಲ್ಲರು. ಅದಕ್ಕಿಂತ ಹೆಚ್ಚಿಗೆ ಏನೂ ಬಾರದು.

ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಪಕ್ಕದ ಮನೆಯ ತೊಗರಿ ಸಾವುಕಾರ ಬಸವಂತರಾಯರು ಕರೆಯದೆಯೇ ಬಂದರು. ಅವರ ಮನೆಯಲ್ಲಿ ಶಹಾಬಾದ್ ಕಲ್ಲಿನ ಭರ್ಜರಿ ಕಟ್ಟೆ ಇತ್ತು. ಸೊಲ್ಲಾಪುರದ ಬೀಗರ ಮನೆಯಲ್ಲಿ ಕಂಡದ್ದನ್ನು ಹಟ ಹಿಡಿದು ಕಟ್ಟಿಸಿದ್ದರು. ಅವರ ಹೆಂಡತಿ ಹೀರಾಬಾಯಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಜೋಡಿಸಿ, ತಾನು ನೆಲದ ಮೇಲೆ ಕೂತೇ ಅಡುಗೆ ಮಾಡುತ್ತಿದ್ದಳು. ಗ್ಯಾಸೆಂದರೆ ಬಸವಂತರಾಯರ ತಾಯಿ ಗುರುಬಾಯಿಗೆ ಬಾಂಬು ಇದ್ದ ಹಾಗೆ. ಹಾಗಾಗಿ ಆ ಮನೆಯವರು ಅರ್ಜಿಯನ್ನೇ ಹಾಕಿರಲಿಲ್ಲ.

"ಮಾಸ್ತರ್ರ, ಫಿಕೀರ್ ಮಾಡಬ್ಯಾಡ್ರಿ. ಒಂದು ತಾಸು ನಮ್ಮನಿ ನಿಮ್ಮನಿ ಅಂತ ತಿಳ್ಕೋರಿ. ಅವ್ರು ನೋಡಿ, ಜೋಡಿಸಿ ಹೋಗ್ಲಿ. ಆಮ್ಯಾಲ ಸಿಲಿಂಡರ್ ಹೊತ್ಗೊಂಡು ಈ ಕಡಿ ತಂದ್ರಾತು."

ಹತ್ತೂವರೆಗೆ ಟೆಂಪೋ ಬಂತು. ಕಂಪನಿಯ ಇಸ್ಮಾಯಿಲ ಸಾಹೇಬರು ಕೈಯಲ್ಲಿ ಟೇಪು ಹಿಡಿದು ಇಳಿದರು. ಅಷ್ಟರಲ್ಲಿ ಮಾಸ್ತರರು ಸಾವುಕಾರರ ತೂಗುಮಂಚದ ಮೇಲೆ ತುದಿಗೆ ಕೂತು ಯಜಮಾನರಾಗಿದ್ದರು.

"ಮಾಸ್ತರ್ಕಿ ಮಾಡಿ ಇಷ್ಟು ದೊಡ್ಡ ಮನಿ ಕಟ್ಸೀರೇನ್ರಿ?" ಎಂದು ಸಾಹೇಬರು ಕೇಳಿದರು.

"ಹಿರೇರು ಕಟ್ಸಿದ್ರಿ," ಎಂದರು ಮಾಸ್ತರರು. ಅಷ್ಟು ಮಟ್ಟಿಗೆ ಅದು ನಿಜವೇ ಆಗಿತ್ತು.

ಸಾಹೇಬರು ಗೋಡೆಯ ಮೇಲಿದ್ದ ಬಸವಂತರಾಯ-ಹೀರಾಬಾಯಿಯರ ಮದುವೆ ಫೋಟೋ ನೋಡಿದರು. "ಇವ್ರು ಯಾರು?"

"ಬಾಜೂ ಮನಿಯವ್ರು."

"ಬಾಜೂ ಮನಿಯವ್ರ ಮದಿವಿ ಫೋಟೋ ನಿಮ್ಮ ಮನ್ಯಾಗ ಯಾಕ್ರಿ?"

"ಅವ್ರ ಮ್ಯಾಲ ಭಾಳ ಪ್ರೀತಿರಿ ನಮಗ," ಎಂದು ಮಾಸ್ತರರು ಬೆವರು ಒರೆಸಿಕೊಂಡರು.

ಪಡಸಾಲೆಯ ಮೂಲೆಯಲ್ಲಿ ಗುರುಬಾಯಿ ಅಡಿಕೆ ಕುಟ್ಟುತ್ತಿದ್ದಳು. ಸಾಹೇಬರ ಕಣ್ಣು ಅತ್ತ ಹೊರಳಿದ್ದೇ ತಡ, ಮಾಸ್ತರರು ಗಾಬರಿಯಿಂದ, "ಇಕಿ ನಮ್ಮವ್ವರಿ!" ಎಂದುಬಿಟ್ಟರು. ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಸ್ವಂತ ಮಗ ಇಪ್ಪತ್ತು ವರ್ಷದಿಂದ ಅಂಗಡಿ ಬಿಟ್ಟು ಹತ್ತಿರ ಕೂತವನಲ್ಲ. ಬಂದ ಅವಕಾಶ ಯಾಕೆ ಬಿಡಬೇಕು?

"ಅವ್ವ ಅಂದ ಮ್ಯಾಗ ನಿಂತು ಏನ್ ನೋಡಾಕತ್ತೀಲೇ? ಬಾ, ಮೊಣಕಾಲು ಒತ್ತು."

ಮಾಸ್ತರರು ಕೂತು ಒತ್ತಿದರು. ಅದೇ ಹೊತ್ತಿಗೆ ಬಸವಂತರಾಯರು ನೆರೆಯವನ ಪಾತ್ರ ಮಾಡಲು ತಮ್ಮದೇ ಬಾಗಿಲು ತಟ್ಟಿ, "ಒಳಗ ಬರ್ಲೇನ್ರಿ ಮಾಸ್ತರ್ರ?" ಎಂದು ವಿನಯದಿಂದ ಕೇಳಿದರು. ಚಪ್ಪಲಿ ಹೊರಗೆ ಬಿಟ್ಟು ಬಂದವರು ಮನೆಯನ್ನೆಲ್ಲ ಹೊಸದಾಗಿ ಕಂಡವರಂತೆ ಹೊಗಳಿದರು. ತಮ್ಮ ಮನೆಯ ನೀರನ್ನು ತಾವೇ ಕೇಳಿ ಇಸಿದುಕೊಂಡು ಕುಡಿದರು. "ಇಂಥಾ ಮಗ ಎಲ್ಲಿ ಸಿಗ್ತಾನ್ರಿ, ತಾಯಿ ಕಾಲು ಒತ್ತಾಕತ್ತಾನ ನೋಡ್ರಿ!" ಎಂದರು. "ನೀನೂ ನೋಡಿ ಕಲ್ಕೋ," ಎಂದಳು ಗುರುಬಾಯಿ.

ಅಡುಗೆಮನೆಯಲ್ಲಿ ಶಿವಕಾಂತಾ ಕಟ್ಟೆಯ ಮುಂದೆ ನಿಂತಿದ್ದಳು. ಉಪ್ಪಿನಕಾಯಿ ಭರಣಿಗಳನ್ನು ಮಡಿಲಲ್ಲಿಟ್ಟುಕೊಂಡು ಹೀರಾಬಾಯಿ ಬಿರುಗಣ್ಣಿನಿಂದ ನೋಡುತ್ತಿದ್ದಳು. ಸಾಹೇಬರು ಕಟ್ಟೆ ಅಳೆದರು. ಎರಡೂವರೆ ಅಡಿಗೆ ಒಂದು ಕೂದಲೂ ಕಡಿಮೆ ಇರಲಿಲ್ಲ. ಒಲೆ ಕೂತಿತು, ನೀಲಿ ಉರಿ ಎದ್ದಿತು, ಎರಡು ನಿಮಿಷದಲ್ಲಿ ಚಹಾ ಕುದಿಯಿತು. ಹೊಗೆ ಇಲ್ಲ, ಊದುವುದಿಲ್ಲ. ಶಿವಕಾಂತಾಳ ಕಣ್ಣಲ್ಲಿ ನೀರು ಬಂತು. ಆರು ವರ್ಷದಲ್ಲಿ ಹೊಗೆಯಿಲ್ಲದೆ ಬಂದ ನೀರು ಅದೊಂದೇ.

ಆ ಚಹಾ ಕುಡಿದ ಗುರುಬಾಯಿಗೆ ಬಾಂಬಿನ ಹೆದರಿಕೆ ಅಲ್ಲಿಗೇ ಮುಗಿಯಿತು. "ಇನ್ನೊಂದ್ ಕಪ್ ಮಾಡ್ರಿ," ಎಂದಳು.

ಸಾಹೇಬರು ಮಾಸ್ತರರ ರೇಷನ್ ಕಾರ್ಡು ಇಸಿದುಕೊಂಡರು. ಅದರಲ್ಲಿ ಓಣಿಯ ಹೆಸರಿತ್ತು, ಮನೆ ನಂಬರಿರಲಿಲ್ಲ, ಅದೊಂದು ಪುಣ್ಯ. ಶಾಯಿ ಹಚ್ಚಿ ಅದರ ಮೇಲೆ ಕಂಪನಿಯ ಠಸ್ಸೆ ಒತ್ತಿದರು. ಆಮೇಲೆ ಸಾಹೇಬರು ಕಟ್ಟೆಯ ಮೇಲಿನ ಗೋಡೆಯಲ್ಲಿ ಕೆಂಪು ಬಣ್ಣದಿಂದ ದೊಡ್ಡದಾಗಿ ನಂಬರು ಬರೆಯತೊಡಗಿದರು.

"ಇದ್ಯಾಕ್ರಿ ಸಾಹೇಬ್ರ?" ಎಂದರು ಮಾಸ್ತರರು.

"ಈ ಸಿಲಿಂಡರ್ ಈ ಕಟ್ಟಿ ಬಿಟ್ಟು ಅಲುಗಾಡಂಗಿಲ್ಲ. ತಿಂಗಳಿಗೊಮ್ಮಿ ಬಂದು ನೋಡ್ತೇನಿ."

ಮಾಸ್ತರರು ಅರ್ಧ ಬರೆದ ನಂಬರನ್ನೇ ನೋಡಿದರು. "ನಾಳಿ ನಾವು ಮನಿ ಬದ್ಲಿ ಮಾಡಿದ್ರ...?"

"ಹೊಸಾ ಅರ್ಜಿ. ಮತ್ತ ಆರು ವರ್ಷ."

"ಹೇಳದೆ ಒಯ್ದ್ರ?"

"ಜಪ್ತಿ. ಜಲ್ಮಪೂರ್ತಿ ಗ್ಯಾಸ್ ಇಲ್ಲ."

ಟೆಂಪೋ ಹೋಯಿತು. ಬಸವಂತರಾಯರು ನಾಚಿ ನೆಲ ನೋಡುತ್ತ, "ಏನಾರ ಆಗ್ಲಿ, ಒಯ್ದುಬಿಡ್ರಿ ಮಾಸ್ತರ್ರ," ಎಂದರು. ಆದರೆ ಹೀರಾಬಾಯಿ ಆಗಲೇ ಗ್ಯಾಸಿನ ಮೇಲೆ ಬೇಳೆ ಇಟ್ಟಿದ್ದಳು. ಗುರುಬಾಯಿ ಸಿಲಿಂಡರಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದಳು. "ಅವ್ವನ ಮುಂದಿನ ಒಲಿ ಕಿತ್ಗೊಂಡು ಹೋಗೋ ಮಗ ಎಲ್ಲ್ಯಾರ ಇದ್ದಾನೇನಲೇ?" ಎಂದಳು.

ಶಿವಕಾಂತಾ ಯಾರೊಂದಿಗೂ ಜಗಳ ಮಾಡಲಿಲ್ಲ. ಸೀರೆ ಮಡಚಿ ಚೀಲಕ್ಕೆ ತುಂಬಿಕೊಂಡು ನಾಲ್ಕು ಗಂಟೆಯ ಬಸ್ಸಿಗೆ ಇಜೇರಿಗೆ ಹೋದಳು. ಅವಳು ಒಂದು ಮಾತಾದರೂ ಬೈದಿದ್ದರೆ ಮಾಸ್ತರರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸಂಜೆ ಹಸಿವಾಯಿತು. ಕಟ್ಟಿಗೆ ಎಷ್ಟು ಊದಿದರೂ ಹತ್ತಲಿಲ್ಲ. ಸೀಮೆಎಣ್ಣೆ ಮುಗಿದಿತ್ತು. ಮಾಸ್ತರರು ಬಾಟಲಿ ಹಿಡಿದು ರೇಷನ್ ಅಂಗಡಿಗೆ ಹೋದರು. ಅಂಗಡಿಯ ಚಂದಪ್ಪ ಕಾರ್ಡಿನ ಮೇಲಿನ ಹೊಸ ಠಸ್ಸೆ ನೋಡಿ ಕಾರ್ಡನ್ನು ಹಾಗೇ ವಾಪಸು ಕೊಟ್ಟ.

"ಗ್ಯಾಸ್ ಇದ್ದೋರಿಗೆ ಎಣ್ಣಿ ಬಂದ್ ಆಗೇದ್ರಿ ಮಾಸ್ತರ್ರ. ಇನ್ನ ನೀವು ದೊಡ್ಡ ಮಂದಿ."

ಬೇರೆ ದಾರಿ ಕಾಣದೆ ಮಾಸ್ತರರು ಅದೇ ಬಾಟಲಿ ಹಿಡಿದು ಸಾವುಕಾರರ ಬಾಗಿಲಿಗೆ ಹೋಗಿ ನಿಂತರು. ಒಳಗೆ ನೀಲಿ ಉರಿಯ ಮೇಲೆ ಹೋಳಿಗೆ ಬೇಯುತ್ತಿದ್ದವು. ಹೀರಾಬಾಯಿ ಸೀಮೆಎಣ್ಣೆಯ ಡಬ್ಬಿಯನ್ನೇ ಎತ್ತಿ ತಂದು ಅವರ ಕೈಗಿಟ್ಟಳು.

"ಬಾಟ್ಲಿ ಯಾಕ್ರಿ ಅಣ್ಣಾರ, ಪೂರಾ ಡಬ್ಬಿ ಒಯ್ರಿ. ನಮಗ್ಯಾಕ ಬೇಕು ಇದು? ನಮ್ಮ ಮನ್ಯಾಗ ಗ್ಯಾಸ್ ಐತಲ್ಲ!"